ಸ್ವಂತ ಕೆಲಸ ಶುರು ಮಾಡ್ತಿದ್ದೇನೆ, 30 ಸಾವಿರದಲ್ಲಿ ಮೊದಲು ಯಾವ ಮಷಿನ್ ತಗೊಳ್ಳಲಿ?

ಕುಮಟಾ ಹೊಸಬ:
ಎಲ್ಲರಿಗೂ ನಮಸ್ಕಾರ. ಐಟಿಐ ಮುಗಿಸಿ ನಾಲ್ಕು ವರ್ಷ ಒಬ್ಬ ಮೇಸ್ತ್ರಿ ಕೈಕೆಳಗೆ ವೈರಿಂಗ್ ಮಾಡಿದೆ. ವೈರ್‌ಮನ್ ಪರ್ಮಿಟ್ ಕೈಗೆ ಬಂದಿದೆ. ಚೌತಿ ಮುಗಿದ ಮೇಲೆ ಸ್ವಂತ ಕೆಲಸ ಹಿಡಿಯುತ್ತೇನೆ. ಇಷ್ಟು ದಿನ ಮಷಿನ್ ಎಲ್ಲ ಮೇಸ್ತ್ರಿಯದ್ದೇ ಆಗಿತ್ತು. ಈಗ ಚೀಲ ತೆಗೆದು ನೋಡಿದರೆ ನನ್ನದು ಅಂತ ಇರುವುದು ಒಂದು ಕಟಿಂಗ್ ಪ್ಲೇಯರ್, ಒಂದು ಟೆಸ್ಟರ್, ಎರಡು ಸ್ಕ್ರೂಡ್ರೈವರ್, ಒಂದು ಮಲ್ಟಿಮೀಟರ್. ಅಷ್ಟೇ.

ಕೈಯಲ್ಲಿ 30 ಸಾವಿರ ಇದೆ. ಎರಡು ಕೆಲಸ ಒಪ್ಪಿಕೊಂಡಿದ್ದೇನೆ. ಒಂದು ಹೊನ್ನಾವರದ ಹತ್ತಿರ ಹೊಸ ಮನೆ, ಚಿರೆಕಲ್ಲಿನ ಗೋಡೆ, ಮೇಲೆ ಸ್ಲ್ಯಾಬ್. ಗಾರೆ ಇನ್ನೂ ಆಗಿಲ್ಲ. ಇನ್ನೊಂದು ಶಿರಸಿ ಕಡೆ ಹಳೇ ಹೆಂಚಿನ ಮನೆ, ಪೂರ್ತಿ ರಿವೈರಿಂಗ್.

ನಾನು ಮಾಡಿಕೊಂಡ ಪಟ್ಟಿ: 18 ವೋಲ್ಟಿನ ಬ್ಯಾಟರಿ ಡ್ರಿಲ್ ಮತ್ತು ಸ್ಕ್ರೂ ಬಿಗಿಯುವ ಇಂಪ್ಯಾಕ್ಟ್ ಡ್ರೈವರ್ ಇರುವ ಜೋಡಿ ಕಿಟ್, ಪೈಪ್ ಕೂರಿಸಲು ಗೋಡೆ ಕೊರೆಯುವ ಎರಡು ಬ್ಲೇಡಿನ ವಾಲ್ ಚೇಸರ್, 5 ಇಂಚಿನ ಗ್ರೈಂಡರ್, ಲೇಸರ್ ಲೆವೆಲ್. ಯೂಟ್ಯೂಬಿನಲ್ಲಿ ನೋಡಿದ್ದು. ದುಡ್ಡು ಸಾಲುತ್ತದೋ ಇಲ್ಲವೋ ಗೊತ್ತಿಲ್ಲ. ಪಟ್ಟಿ ಸರಿ ಇದೆಯಾ?

ಬೈತಕೋಲದ ಅಣ್ಣ:
ತಮ್ಮಾ, ಪಟ್ಟಿಯಲ್ಲಿ ಹ್ಯಾಮರ್ ಎಲ್ಲಿ? ಸ್ಲ್ಯಾಬಿಗೆ ತೂತು ಎಂತದರಲ್ಲಿ ಹೊಡೆಯುತ್ತೀ, ಹಲ್ಲಿನಲ್ಲಾ?

ಕುಮಟಾ ಹೊಸಬ:
ಅಣ್ಣಾ, ಬ್ಯಾಟರಿ ಡ್ರಿಲ್ಲಿನಲ್ಲೇ ಹ್ಯಾಮರ್ ಮೋಡ್ ಇದೆ ಎಂದು ಡಬ್ಬದ ಮೇಲೆ ಬರೆದಿದೆ. ಸ್ಲ್ಯಾಬಿನಲ್ಲಿ ಪೈಪು, ಫ್ಯಾನ್ ಬಾಕ್ಸು ಎಲ್ಲ ಮೊದಲೇ ಹಾಕಿ ಆಗಿದೆ.

ಬೈತಕೋಲದ ಅಣ್ಣ:
ಹಾಕಿ ಆಗಿರುತ್ತದೆ. ಆದರೂ ಒಂದು ಪಾಯಿಂಟ್ ಮರೆತೇ ಇರುತ್ತದೆ. ಕಾರವಾರದಲ್ಲಿ 26 ವರ್ಷ ಕೆಲಸ ಮಾಡಿದ್ದೇನೆ, ಸ್ಲ್ಯಾಬಿನಲ್ಲಿ ಏನೂ ಮರೆಯದ ಮನೆ ಇನ್ನೂ ಸಿಕ್ಕಿಲ್ಲ.

ಡಬ್ಬದ ಮೇಲಿನ ಹ್ಯಾಮರ್ ಬೇರೆ, ನಾವು ಹ್ಯಾಮರ್ ಅನ್ನುವುದು ಬೇರೆ. ಡಬ್ಬದ ಮೇಲಿನದು ಇಂಪ್ಯಾಕ್ಟ್ ಡ್ರಿಲ್, ಅದರ ಒಳಗೆ ಹಲ್ಲಿರುವ ಎರಡು ಬಿಲ್ಲೆ ಒಂದರ ಮೇಲೊಂದು ಕುಣಿಯುತ್ತವೆ. ನಿಮಿಷಕ್ಕೆ 40 ಸಾವಿರ ಸಲದಷ್ಟು ಹೊಡೆಯುತ್ತದೆ, ಆದರೆ ಒಂದೊಂದು ಹೊಡೆತವೂ ಪುಸುಕ್. ಚಂಡೆಗೆ ಬೆರಳಿನಲ್ಲಿ ಟಕಟಕ ಬಡಿದ ಹಾಗೆ. ನೀನು ಎದೆ ಕೊಟ್ಟು ಒತ್ತಿದಷ್ಟೇ ಕೆಲಸ. ನಾವು ಹ್ಯಾಮರ್ ಅನ್ನುವ ರೋಟರಿ ಹ್ಯಾಮರಿನಲ್ಲಿ ಪಿಸ್ಟನ್ ಇದೆ. ಅದು ಗಾಳಿಯನ್ನು ಅದುಮಿ, ತೂತು ಕೊರೆಯುವ ಬಿಟ್ಟಿನ ಹಿಂದೆ ಗುದ್ದುತ್ತದೆ. ನಿಮಿಷಕ್ಕೆ 4 ಸಾವಿರ ಸಲ ಅಷ್ಟೇ, ಆದರೆ ಒನಕೆಯಲ್ಲಿ ಕುಟ್ಟಿದ ಹಾಗೆ. ಒತ್ತುವುದೇ ಬೇಡ, ನೆಟ್ಟಗೆ ಹಿಡಿದರೆ ಸಾಕು. ಏಣಿ ಮೇಲೆ ನಿಂತು ತಲೆಯ ಮೇಲೆ ತೂತು ಹೊಡೆಯುವವನಿಗೆ ಈ ವ್ಯತ್ಯಾಸ ಸಂಜೆ ಭುಜದಲ್ಲಿ ಗೊತ್ತಾಗುತ್ತದೆ.

ಬಾಷ್ ಜಿಬಿಎಚ್ 2-26, ಇಲ್ಲವೇ ಮಕಿಟಾ ಎಚ್‌ಆರ್ 2630. ಎರಡೂ 800 ವ್ಯಾಟ್, ಒತ್ತಿ ಸಿಕ್ಕಿಸುವ ಎಸ್‌ಡಿಎಸ್ ಪ್ಲಸ್ ಬಿಟ್, ಕಾಂಕ್ರೀಟಿನಲ್ಲಿ 26 ಎಂಎಂ ತನಕ. ಹೊಡೆತ ಬಾಷಿನದು 2.7 ಜೂಲ್, ಮಕಿಟಾದ್ದು 2.4. ನಮ್ಮ ಕೆಲಸದಲ್ಲಿ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ನೋಡಬೇಕಾದ್ದು ಮೋಡ್. ಬರೀ ತಿರುಗುವುದು, ತಿರುಗುತ್ತ ಹೊಡೆಯುವುದು, ಬರೀ ಹೊಡೆಯುವುದು, ಮೂರೂ ಬೇಕು. ಬಾಷಿನಲ್ಲಿ ಹೆಸರಿನ ಕೊನೆಗೆ ಡಿಆರ್‌ಇ ಇದ್ದರೆ ಮೂರೂ ಇದೆ. ಬರೀ ಆರ್‌ಇ ಅಂದರೆ ಉಳಿ ಹೊಡೆಯುವ ಮೋಡ್ ಇಲ್ಲ. ಅಂಗಡಿಯವನು ಆರ್‌ಇ ಕೊಟ್ಟು ಎಲ್ಲ ಒಂದೇ ಎಂದರೆ ನಂಬಬೇಡ.

ಭಟ್ಕಳ ಸೈಟ್:
ಅಣ್ಣಾವ್ರು ಇನ್ನೂ ವೈರಿನ ಕಾಲದಲ್ಲೇ ಇದ್ದಾರೆ. ನಾನು ಫ್ಲಾಟ್ ಕೆಲಸ ಮಾಡಿಸುವವನು. ನನ್ನ ಹುಡುಗರು ಎಲ್ಲ ಬ್ಯಾಟರಿ ಮೇಲೆ. ಎಕ್ಸ್‌ಟೆನ್ಷನ್ ಎಳೆಯುವುದು, ಕಾಲಿಗೆ ಸಿಕ್ಕಿಕೊಳ್ಳುವುದು, ಮೇಲಿನ ಮಹಡಿಯಲ್ಲಿ ಪ್ಲಗ್ ಹುಡುಕುವುದು, ಏನೂ ಇಲ್ಲ. ಬ್ಯಾಟರಿ ರೋಟರಿ ಹ್ಯಾಮರ್ ಕೂಡ ಬಂದಿದೆ. ಹೊಸಬರು ಹಳೇ ದಾರಿ ಹಿಡಿಯುವುದು ಯಾಕೆ?

ಸೋಲಾರ್ ಯಲ್ಲಾಪುರ:
ನಾನು ದಿನವಿಡೀ ಬ್ಯಾಟರಿ ಟೂಲಿನಲ್ಲೇ ಕೆಲಸ ಮಾಡುವವನು. ತಗಡಿನ ಮಾಡಿನ ಮೇಲೆ ಹತ್ತಿದರೆ ಅಲ್ಲಿ ಪ್ಲಗ್ ಎಲ್ಲಿಂದ ಬರಬೇಕು? ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ, ನಟ್ಟು, ಕ್ಲ್ಯಾಂಪು, ಎಲ್ಲ ಇಂಪ್ಯಾಕ್ಟ್ ಡ್ರೈವರಿನಲ್ಲಿ. ಶಿರಸಿ ಮಾರಿಕಾಂಬಾ ಜಾತ್ರೆಗೆ ಅಂಗಡಿ ಲೈಟ್ ಹಾಕುವಾಗಲೂ ಅಷ್ಟೇ, ಕರೆಂಟ್ ಕೊಡಲು ಹೋದವನಿಗೇ ಕರೆಂಟ್ ಇರುವುದಿಲ್ಲ.

ಆದರೂ ಅಣ್ಣ ಹೇಳಿದ್ದೇ ಸರಿ ಅಂತೀನಿ. ಲೆಕ್ಕ ಹಾಕಿ ನೋಡು. 18 ವೋಲ್ಟ್, 4 ಆಂಪಿಯರ್ ಅವರ್ ಬ್ಯಾಟರಿ ಅಂದರೆ 18 ಇಂಟು 4, 72 ವ್ಯಾಟ್ ಅವರ್. 800 ವ್ಯಾಟಿನ ಹ್ಯಾಮರ್ ಮಾಡುವ ಕೆಲಸವನ್ನು ಅದರಿಂದ ಪೂರಾ ಜೋರಿನಲ್ಲಿ ಮಾಡಿಸಿದರೆ ಐದೂವರೆ ನಿಮಿಷ. ಅಲ್ಲೊಂದು ಇಲ್ಲೊಂದು 6 ಎಂಎಂ ತೂತಿಗೆ ಅಡ್ಡಿ ಇಲ್ಲ, ಅರ್ಧ ದಿನ ಬರುತ್ತದೆ. ಮನೆ ತುಂಬ ಉಳಿ ಹೊಡೆಯುವುದಿದ್ದರೆ ನಾಲ್ಕು ಬ್ಯಾಟರಿ ಬೇಕು. ನಾಲ್ಕು ಬ್ಯಾಟರಿ ದುಡ್ಡಿನಲ್ಲಿ ವೈರಿನ ಹ್ಯಾಮರೇ ಬರುತ್ತದೆ.

ಇನ್ನೊಂದು. ಡಬ್ಬದ ಮೇಲೆ 20 ವೋಲ್ಟ್ ಎಂದಿರುವುದನ್ನು ನೋಡಿ 18ಕ್ಕಿಂತ ಜೋರು ಅಂದುಕೊಳ್ಳಬೇಡ. ಒಳಗೆ ಅದೇ ಐದು ಸೆಲ್ಲು. ಒಂದೊಂದು 3.6 ವೋಲ್ಟ್ ಎಂದು ಲೆಕ್ಕ ಹಿಡಿದರೆ 18, ಚಾರ್ಜ್ ತುಂಬಿದಾಗಿನ ಲೆಕ್ಕ ಹೇಳಿದರೆ 20. 12 ವೋಲ್ಟಿನದೂ ಹಾಗೇ, ಮೂರು ಸೆಲ್ಲು, 10.8. ನಿನಗೆ ಸ್ವಿಚ್ ಬೋರ್ಡು, ಡಿಬಿ ಅಂದರೆ ಮನೆಯ ಮೇನ್ ಡಬ್ಬ, ಕ್ಲ್ಯಾಂಪಿಗೆ 12 ವೋಲ್ಟಿನ ಚಿಕ್ಕ ಡ್ರೈವರ್ ಸಾಕು. ಜೇಬಿನಲ್ಲಿ ಹಿಡಿಯುತ್ತದೆ, ಬಾಕ್ಸಿನ ಮೂಲೆಗೂ ಹೋಗುತ್ತದೆ.

ವೈಂಡಿಂಗ್ ಅಂಗಡಿ ಹೊನ್ನಾವರ:
ಹ್ಯಾಮರ್ ತಗೊಳ್ಳುವ ಮುಂಚೆ ಅದು ಯಾವ ಕರೆಂಟಿನಲ್ಲಿ ಓಡಬೇಕು ಅಂತಲೂ ನೋಡು ಮಾರಾಯ. ನಮ್ಮ ಘಟ್ಟದ ಕೆಳಗಿನ ಹಳ್ಳಿಗಳಲ್ಲಿ, ಲೈನಿನ ತುದಿ ಮನೆಯಲ್ಲಿ, ಸಂಜೆ ಎಲ್ಲರ ಪಂಪು ಓಡುವಾಗ 180 ವೋಲ್ಟ್ ಕಂಡರೆ ಆಶ್ಚರ್ಯ ಇಲ್ಲ. 230ರ ಜಾಗದಲ್ಲಿ 180 ಅಂದರೆ ಸ್ವಲ್ಪ ಕಮ್ಮಿ ಅನ್ನಿಸುತ್ತದೆ. ಶಕ್ತಿ ಹೆಚ್ಚುಕಮ್ಮಿ ವೋಲ್ಟಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 180ನ್ನು 230ರಿಂದ ಭಾಗಿಸಿ ಅದನ್ನು ಅದರಿಂದಲೇ ಗುಣಿಸು, 0.61. ನೂರಕ್ಕೆ ನಲವತ್ತು ಪಾಲು ಹೋಯಿತು. ಮಷಿನ್ ಸೋತ ಕೂಡಲೇ ಹುಡುಗರು ಒತ್ತುತ್ತಾರೆ. ಒತ್ತಿದರೆ ಮೋಟರ್ ನಿಧಾನ, ಫ್ಯಾನ್ ನಿಧಾನ, ಗಾಳಿ ಇಲ್ಲ, ಒಳಗೆ ತಿರುಗುವ ಆರ್ಮೇಚರ್ ಸುಟ್ಟು ಕಪ್ಪು. ನನ್ನ ಮೇಜಿಗೆ ಬರುವ ಹತ್ತು ಹ್ಯಾಮರಿನಲ್ಲಿ ಏಳೆಂಟರ ಕತೆ ಇದೇ.

ಹಾಗಾಗಿ ಕೆಲಸಕ್ಕೆ ಮುಂಚೆ ಮಲ್ಟಿಮೀಟರ್ ಹಚ್ಚಿ ವೋಲ್ಟ್ ನೋಡು. ಕಮ್ಮಿ ಇದ್ದರೆ ಬೆಳಗಿನ ಹೊತ್ತು ಹೊಡೆ. ಬಿಸಿ ಆದರೆ ತಟ್ಟನೆ ಬಂದ್ ಮಾಡಬೇಡ, ಕಲ್ಲಿನಿಂದ ಹೊರಗೆ ತೆಗೆದು ಒಂದು ನಿಮಿಷ ಖಾಲಿ ಓಡಿಸು, ಅದರ ಫ್ಯಾನೇ ಅದನ್ನು ತಣಿಸುತ್ತದೆ. ಮೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಒಂದು ಜೋಡಿ ಯಾವಾಗಲೂ ಚೀಲದಲ್ಲಿ ಇರಲಿ. ಕಿಡಿ ಜಾಸ್ತಿ ಹಾರಿದರೆ ಮೊದಲು ಅದನ್ನೇ ನೋಡುವುದು. ಬಿಟ್ಟಿನ ಹಿಂಬದಿಗೆ ಚೂರು ಗ್ರೀಸ್ ಹಚ್ಚಿ ಸಿಕ್ಕಿಸು, ಒಣದು ಹಾಕಿದರೆ ಬಿಟ್ ಹಿಡಿಯುವ ಚಕ್ ಸವೆಯುತ್ತದೆ.

ಎಕ್ಸ್‌ಟೆನ್ಷನ್ ವೈರನ್ನು ಜನ ಸುಮ್ನೆ ಬೈಯುತ್ತಾರೆ. 30 ಮೀಟರ್, 1.5 ಎಂಎಂ ತಾಮ್ರದ ವೈರಿನಲ್ಲಿ ಹೋಗಿ ಬರುವ ದಾರಿ ಸೇರಿ 0.8 ಓಮ್ ಬರುತ್ತದೆ. 6 ಆಂಪಿಯರ್ ಎಳೆದರೆ 5 ವೋಲ್ಟ್ ಹೋಯಿತು, ಅಷ್ಟೇ. ಹಾಳಾಗುವುದು ವೈರನ್ನು ಡ್ರಮ್ಮಿಗೆ ಸುತ್ತಿಟ್ಟೇ ಓಡಿಸಿದಾಗ. ಬಿಸಿ ಹೊರಗೆ ಹೋಗಲು ದಾರಿ ಇಲ್ಲ, ಒಳಗಿನ ಸುತ್ತು ಕರಗಿ ಒಂದಕ್ಕೊಂದು ಅಂಟುತ್ತದೆ. ಪೂರ್ತಿ ಬಿಚ್ಚಿ ನೆಲಕ್ಕೆ ಹಾಕಬೇಕು.

ಭಟ್ಕಳ ಸೈಟ್:
ಒಪ್ಪಿದೆ, ಹ್ಯಾಮರ್ ವೈರಿನದೇ ಇರಲಿ. ಆದರೆ ವಾಲ್ ಚೇಸರ್ ಪಟ್ಟಿಯಲ್ಲಿ ಇರಲಿ ಬಿಡಿ. ಎರಡು ಗೆರೆ ಒಟ್ಟಿಗೆ ಬರುತ್ತದೆ, ಆಳ ಸಮ.

ಶಿರಸಿ ಪೇಟೆ ವೈರಿಂಗ್:
ಅದು ಇಟ್ಟಿಗೆ ಗೋಡೆಗೆ, ಬ್ಲಾಕಿನ ಗೋಡೆಗೆ. ಚಿರೆಕಲ್ಲಿಗೆ ಎಂತಕ್ಕೆ? ನಿಮ್ಮ ಫ್ಲಾಟ್ ಲೆಕ್ಕ ಇಲ್ಲಿಗೆ ಬರುವುದಿಲ್ಲ.

ಹೊಸಬರೇ, ನಿಮ್ಮ ಹೊನ್ನಾವರದ ಮನೆಗೆ ಗಾರೆ ಆಗಿಲ್ಲ ಅಂದಿರಿ. ಹಾಗಾದರೆ ಅದೃಷ್ಟ. 4 ಇಂಚಿನ ಕಟಿಂಗ್ ಮಷಿನ್‌ನಲ್ಲಿ ಎರಡು ಗೆರೆ ಎಳೆಯಿರಿ, ಹ್ಯಾಮರ್‌ಗೆ ಚಪ್ಪಟೆ ಉಳಿ ಹಾಕಿ ನಡುವಿನದನ್ನು ಎಬ್ಬಿಸಿ. ಬೆಲ್ಲದ ಅಚ್ಚಿನ ಹಾಗೆ ಏಳುತ್ತದೆ. 25 ಎಂಎಂ ಪೈಪ್ ಒಳಗೆ ಕೂತು ಮೇಲೆ ಗಾರೆಗೆ ಜಾಗ ಉಳಿಯುವಷ್ಟು ಆಳ ಸಾಕು. ಕಾಂಕ್ರೀಟ್ ಕಂಬ ಬಂದಲ್ಲಿ ಮಾತ್ರ ನಿಲ್ಲಿಸಿ. ಪೈಪ್ ಸುತ್ತಿ ಹೋಗಲಿ, ಕಬ್ಬಿಣದ ರಾಡಿಗೆ ಬ್ಲೇಡ್ ತಾಗಿಸಬೇಡಿ.

ಚಿರೆಕಲ್ಲಿನ ಕಷ್ಟ ಇರುವುದು ತೂತಿನಲ್ಲಿ. ನೋಡಲು ಕಲ್ಲು, ಒಳಗೆ ಜೇನುಗೂಡಿನ ಹಾಗೆ ಪೊಳ್ಳು. ಹ್ಯಾಮರ್ ಮೋಡ್ ಇಟ್ಟು 6 ಎಂಎಂ ಬಿಟ್ ಹೊಡೆದರೆ 10 ಎಂಎಂ ತೂತು ಆಗುತ್ತದೆ. ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ಹಾಕಿದರೆ ಗುಳಕ್ ಅಂತ ಒಳಗೆ ಹೋಗುತ್ತದೆ, ಡಿಬಿ ಹಾಗೇ ಕೈಗೆ ಬರುತ್ತದೆ. ಬರೀ ತಿರುಗುವ ಮೋಡ್‌ನಲ್ಲಿ, ಸ್ಪೀಡ್ ಕಮ್ಮಿ ಮಾಡಿ, ನಿಧಾನಕ್ಕೆ ಹೊಡೆಯಬೇಕು. ಪ್ಲಗ್ ಉದ್ದದ್ದು ಹಾಕಬೇಕು. ಅದಕ್ಕೂ ನಿಲ್ಲದಿದ್ದರೆ ದೊಡ್ಡ ತೂತು ಮಾಡಿ ಸಿಮೆಂಟ್ ತುಂಬಿ, ಒಣಗಿದ ಮೇಲೆ ಹೊಸ ತೂತು. ಈ ಕೆಲಸಕ್ಕೆ ಬೇಕಾದ್ದು ತಾಳ್ಮೆ, ಅದನ್ನು ಕಿಟ್‌ನಲ್ಲಿ ಕೊಡುವುದಿಲ್ಲ.

ಮೆತ್ತಿನ ಮನೆ:
ನಾನು ಎಲೆಕ್ಟ್ರಿಷಿಯನ್ ಅಲ್ಲ, ಸಿದ್ದಾಪುರದ ಕಡೆಯ ಮನೆ ಯಜಮಾನ, ರಿಟೈರ್ಡ್ ಮಾಸ್ತರು. ಎರಡು ಮಾತು ಹೇಳಬಹುದಾ?

ಹೋದ ವರ್ಷ ನಮ್ಮ ಮನೆ ವೈರಿಂಗ್ ಬದಲಾಯಿಸಿದೆವು. ಬಂದ ಹುಡುಗರು ಒಳ್ಳೆಯವರೇ. ಆದರೆ ಏನೂ ಮುಚ್ಚದೆ ಕಟಿಂಗ್ ಮಷಿನ್ ಶುರು ಮಾಡಿದರು. ಕೆಂಪು ಧೂಳು ದೇವರ ಕೋಣೆಯಿಂದ ಹಿಡಿದು ಮೆತ್ತಿನ ಮೇಲೆ, ಅಂದರೆ ಅಟ್ಟದಲ್ಲಿ, ಹಾಸಿದ್ದ ಅಡಿಕೆ ತನಕ ಹೋಯಿತು. ಅಂಗಳದ ತುಳಸಿ ಕೂಡ ಕೆಂಪಾಗಿತ್ತು. ನನ್ನ ಹೆಂಡತಿ ಆ ಹುಡುಗರಿಗೆ ಚಾ ಕೊಟ್ಟಳು, ಆದರೆ ಮಾತಾಡಲಿಲ್ಲ. ಹಾಗಾಗಿ ನಿನ್ನ 30 ಸಾವಿರದಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಶೀಟಿಗೂ, ಒಂದು ಪೊರಕೆಗೂ ಜಾಗ ಇರಲಿ. ಮೂಗಿಗೆ ಎನ್-95 ಮಾಸ್ಕ್ ಹಾಕು. ಕರವಸ್ತ್ರ ಕಟ್ಟಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ. ಸ್ಲ್ಯಾಬ್ ಕೊರೆಯುವಾಗಲಂತೂ ಮರೆಯಬೇಡ, ಕಾಂಕ್ರೀಟಿನ ಸಿಲಿಕಾ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶವೇ ಗಟ್ಟಿಯಾಗುತ್ತದೆ.

ಎರಡನೆಯದು, ಸುಮ್ನೆ ಮಾಸ್ತರ ಚಾಳಿ. ಈ ಚಿರೆಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ. ಲ್ಯಾಟಿನ್‌ನಲ್ಲಿ ಲೇಟರ್ ಅಂದರೆ ಇಟ್ಟಿಗೆ. ನೆಲದಿಂದ ತೆಗೆದಾಗ ಮೆತ್ತಗೆ, ಕೊಡಲಿಯಲ್ಲೂ ಕೆತ್ತಬಹುದು. ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಹೊಸ ಗೋಡೆಯೂ ಅಜ್ಜನ ಕಾಲದ ಗೋಡೆಯೂ ನಿನ್ನ ಮಷಿನಿಗೆ ಒಂದೇ ಥರ ಸಿಗುವುದಿಲ್ಲ.

ಶಿರಸಿ ಪೇಟೆ ವೈರಿಂಗ್:
ಮಾಸ್ತರೇ, ಮಾತಾಡದ ಚಾ ನಾವೂ ಕುಡಿದಿದ್ದೇವೆ.

ಹಳೇ ಮನೆ ಮಾತು ಬಂದಿದ್ದಕ್ಕೆ ಇನ್ನೊಂದು. ನಮ್ಮ ಕಡೆ ಮೆತ್ತಿಗೆ ಮತ್ತಿ ಮರದ ತೊಲೆ, ಹಲಸಿನ ಹಲಗೆ. ಮೊದಲಿನ ವೈರಿಂಗ್ ಮರದ ಕೇಸಿಂಗ್ ಪಟ್ಟಿಯೊಳಗೆ ಇರುತ್ತದೆ. ಅಂತಹ ಮನೆಗೆ ಗೋಡೆ ಕಟಿಂಗ್ ಮಾಡಲೇಬೇಡಿ, ತೊಲೆಯ ಪಕ್ಕದಲ್ಲಿ ಪೈಪ್ ಎಳೆಯಿರಿ. ತೊಲೆ ದಾಟಲೇಬೇಕಾದರೆ ಸುರುಳಿ ಇರುವ ಮರದ ಬಿಟ್ ಹಾಕಿ ನಿಧಾನಕ್ಕೆ ಕೊರೆಯಿರಿ. ಹಳೇ ಮತ್ತಿ ಕಬ್ಬಿಣದ ಹಾಗಿರುತ್ತದೆ. ಸ್ಪೀಡ್ ಜಾಸ್ತಿ ಮಾಡಿದರೆ ಹೊಗೆ ಬರುತ್ತದೆ, ಬಿಟ್ ನೀಲಿ ತಿರುಗುತ್ತದೆ. ಗೆದ್ದಲು ಹಿಡಿದ ತೊಲೆ ಆದರೆ ಮುಟ್ಟುವ ಮುಂಚೆ ಯಜಮಾನರನ್ನು ಕರೆದು ತೋರಿಸಿ. ಆಮೇಲೆ ನೀವೇ ಹಾಳು ಮಾಡಿದಿರಿ ಎನ್ನುತ್ತಾರೆ.

ಎಸಿ ಅಂಕೋಲಾ:
ಎಸಿ ಪೈಪಿಗೆ 65 ಎಂಎಂ ತೂತು ಬೇಕು ಎಂದು ಯಾರಾದರೂ ಕೇಳಿದರೆ ಈ ಸಣ್ಣ ಹ್ಯಾಮರಿಗೆ ದೊಡ್ಡ ಕೋರ್ ಬಿಟ್, ಅಂದರೆ ಕೊಳವೆಯಂತಹ ಬಿಟ್, ಹಾಕಿ ಸಾಹಸ ಮಾಡಬೇಡಿ. ಸಿಕ್ಕಿಕೊಂಡರೆ ಮಷಿನ್ ನಿಲ್ಲುತ್ತದೆ, ನಿಮ್ಮ ಮಣಿಕಟ್ಟು ತಿರುಗುತ್ತದೆ. ಕೋರ್ ಮಷಿನ್ ಬಾಡಿಗೆಗೆ ಸಿಗುತ್ತದೆ. ವರ್ಷಕ್ಕೆ ನಾಲ್ಕು ಸಲ ಬೇಕಾದ್ದನ್ನು ಕೊಳ್ಳುವುದಲ್ಲ. ಲೇಸರ್ ಲೆವೆಲ್ಲೂ ಆಮೇಲೆ ನೋಡಿದರಾಯಿತು, ಸದ್ಯಕ್ಕೆ ನೀರು ತುಂಬಿದ ಟ್ಯೂಬ್ ಸಾಕು. ನಮ್ಮ ಅಪ್ಪ ಅದರಲ್ಲೇ ಮನೆ ಕಟ್ಟಿಸಿದ್ದು.

ಕುಮಟಾ ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಚೇಸರ್, ಲೇಸರ್ ಎರಡೂ ಹೋಯಿತು. ಗ್ರೈಂಡರ್ 5 ಇಂಚಿನದು ತಗೊಳ್ಳಲಾ, 4 ಇಂಚಿನದಾ? 4 ಇಂಚಿನದಕ್ಕೇ 5 ಇಂಚಿನ ಬ್ಲೇಡ್ ಹಾಕಿ ಓಡಿಸುವುದನ್ನು ಮೇಸ್ತ್ರಿ ಹತ್ತಿರ ನೋಡಿದ್ದೇನೆ. ಬ್ಲೇಡ್ ಮುಚ್ಚುವ ಗಾರ್ಡ್ ತೆಗೆದರೆ ಹಿಡಿಯುತ್ತದೆ.

ಬೈತಕೋಲದ ಅಣ್ಣ:
ನನ್ನ ಎಡಗೈ ಹೆಬ್ಬೆರಳಿನ ಮೇಲೆ ಆರು ಹೊಲಿಗೆ ಇದೆ. ಹೀಗೇ ಗಾರ್ಡ್ ತೆಗೆದ ಗ್ರೈಂಡರ್. ಬೇಸಿಗೆ, ಬೆವರು ಕೈ, ಒಂದು ಜಿಐ ಪೈಪ್ ಕಡಿಯುತ್ತಿದ್ದೆ. ಪೈಪಿನ ಕೊನೆ ಬಾಗಿ ಬ್ಲೇಡನ್ನು ಕಚ್ಚಿ ಹಿಡಿಯಿತು. ಮಷಿನ್ ಹಿಂದಕ್ಕೆ ಹಾರಿತು. ನೋವು ಆಮೇಲೆ ಬಂತು, ಮೊದಲು ರಕ್ತ ಕಂಡಿತು. ಅದು ಬಲಗೈ ಆಗಿದ್ದರೆ ನಾನು ಇಷ್ಟು ಉದ್ದ ಟೈಪ್ ಮಾಡುತ್ತಿರಲಿಲ್ಲ.

4 ಇಂಚಿನದು ಸಾಕು. 100 ಎಂಎಂ ಬ್ಲೇಡ್, ನಿಮಿಷಕ್ಕೆ 11,000 ಸುತ್ತು. ಅದರ ಅಂಚು ಗಂಟೆಗೆ 200 ಕಿಲೋಮೀಟರ್ ಮೇಲೆ ಓಡುತ್ತದೆ, ನಮ್ಮ ಕೊಂಕಣ ರೈಲಿಗಿಂತ ಜೋರು. ಅದರ ಮುಂದೆ ಬರೀ ಕೈ ಇಡುವುದು ಬೇಡ. ಗಾರ್ಡ್ ತೆಗೆಯಬೇಡ, ಪಕ್ಕದ ಹಿಡಿ ತೆಗೆಯಬೇಡ. ಬ್ಲೇಡ್ ಮೇಲೆ ಬರೆದಿರುವ ಸುತ್ತು ಮಷಿನಿನ ಸುತ್ತಿಗಿಂತ ಜಾಸ್ತಿ ಇರಬೇಕು. ಮರ ಕಡಿಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವವರನ್ನು ಕಂಡರೆ ಆ ಕೋಣೆಯಿಂದಲೇ ಹೊರಗೆ ಬಾ. ಕಣ್ಣಿಗೆ ಕನ್ನಡಕ. ಪ್ಯಾಂಟಿನ ಮೇಲೆ ಲುಂಗಿ ಸುತ್ತಿಕೊಂಡು ಗ್ರೈಂಡರ್ ಹಿಡಿಯುವವರೂ ಇದ್ದಾರೆ ನಮ್ಮಲ್ಲಿ, ಅದು ಬೇಡ.

ಬ್ಲೇಡ್ ತರುವಾಗ ತೂತು ನೋಡು. 4 ಇಂಚಿನ ಗ್ರೈಂಡರಿಗೆ 16 ಎಂಎಂ, ಮಾರ್ಬಲ್ ಕಟರಿಗೆ 20 ಎಂಎಂ. ವಾಶರ್ ಇಲ್ಲದೆ 20ರದ್ದನ್ನು 16ಕ್ಕೆ ಹಾಕಿದರೆ ನಡುವಿಗೆ ಕೂರುವುದಿಲ್ಲ, ನಡುಗುತ್ತದೆ.

ಶಿರಸಿ ಪೇಟೆ ವೈರಿಂಗ್:
ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಮಷಿನ್ ಇದೆ, ಅದಕ್ಕೆ ಮೋಟರ್ ಇಲ್ಲ. ಸ್ವಂತ ಸಪ್ಲೈ ಬೋರ್ಡ್. ಪ್ಲಾಸ್ಟಿಕ್ ಡಬ್ಬದಲ್ಲಿ ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಒಂದು, ಲೋಡ್ ಜಾಸ್ತಿ ಆದರೆ ಕಡಿಯುವ 16 ಆಂಪಿಯರ್ ಎಂಸಿಬಿ ಒಂದು, ಎರಡು ಸಾಕೆಟ್. ಅದಕ್ಕೆ 2.5 ಎಂಎಂ ವೈರ್ 30 ಮೀಟರ್. ಎಲ್ಲ ಮಷಿನ್ ಅದರ ಮೂಲಕವೇ ಓಡಬೇಕು. ನಾನು ಇದನ್ನು ಹ್ಯಾಮರ್‌ಗಿಂತ ಮೊದಲು ಬರೆಯಬೇಕಿತ್ತು.

ಭಟ್ಕಳ ಸೈಟ್:
ಹ್ಯಾಮರ್, ಗ್ರೈಂಡರ್ ಎಲ್ಲ ಡಬಲ್ ಇನ್ಸುಲೇಟೆಡ್, ಅಂದರೆ ಕರೆಂಟ್ ಹೊರಗೆ ಬರದ ಹಾಗೆ ಎರಡು ಪದರ, ಚೌಕದೊಳಗೆ ಚೌಕ ಇರುವ ಗುರುತು ಇದೆ. ಅರ್ಥ್ ಪಿನ್ನೇ ಬೇಡದ ಮಷಿನಿಗೆ ಆರ್‌ಸಿಸಿಬಿ ಯಾಕೆ? ಅರ್ಥಿಂಗೇ ಇಲ್ಲದ ಹಳೇ ಮನೆಯಲ್ಲಿ ಅದು ಕೆಲಸವೂ ಮಾಡುವುದಿಲ್ಲ. ಸುಮ್ನೆ ಟ್ರಿಪ್ ಆಗಿ ಕೆಲಸ ಕೆಡಿಸುತ್ತದೆ.

ಶಿರಸಿ ಪೇಟೆ ವೈರಿಂಗ್:
ಮಾಡುತ್ತದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಇಲ್ಲವಾ, ಅಷ್ಟನ್ನೇ ಅದು ನೋಡುವುದು. ಅರ್ಥ್ ವೈರ್ ಇದೆಯೋ ಇಲ್ಲವೋ ಅದಕ್ಕೆ ಬೇಕಾಗಿಲ್ಲ. ಹೋದದ್ದರಲ್ಲಿ 30 ಮಿಲಿಆಂಪಿಯರ್ ನಿಮ್ಮ ಮೈಯಿಂದ ನೆಲಕ್ಕೆ ಇಳಿದರೆ ಕಡಿಯುತ್ತದೆ, ಒಂದು ಸೆಕೆಂಡಿನ ಮೂರನೇ ಒಂದು ಪಾಲಿನೊಳಗೆ. ಫೇಸ್ ಒಂದು ಕೈಯಲ್ಲಿ, ನ್ಯೂಟ್ರಲ್ ಇನ್ನೊಂದು ಕೈಯಲ್ಲಿ ಹಿಡಿದರೆ ಅದು ಉಳಿಸುವುದಿಲ್ಲ, ಅದು ಸತ್ಯ.

ಡಬಲ್ ಇನ್ಸುಲೇಷನ್ ಇರುವುದು ಮಷಿನಿನ ಮೈಗೆ. ವೈರಿಗೆ? ಮಳೆಗಾಲದಲ್ಲಿ ಒದ್ದೆ ನೆಲ, ಚಪ್ಪಲಿ ಒದ್ದೆ, ಗಾರೆಯವರು ಎಳೆದ ನೀರಿನ ಪೈಪು ಪಕ್ಕದಲ್ಲೇ. ಅರ್ಥಿಂಗ್ ಇಲ್ಲದ ಹಳೇ ಮನೆಯಲ್ಲೇ ಇದು ಜಾಸ್ತಿ ಬೇಕು. ಬೆಳಗ್ಗೆ ಒಂದು ಸಲ ಟೆಸ್ಟ್ ಬಟನ್ ಒತ್ತಿ, ಟಕ್ ಅಂದರೆ ಕೆಲಸ ಶುರು.

ಭಟ್ಕಳ ಸೈಟ್:
ನೋಡೋಣ. ನನ್ನ ಸೈಟಿನಲ್ಲಿ ಇಷ್ಟು ವರ್ಷ ಏನೂ ಆಗಿಲ್ಲ.

ವೈಂಡಿಂಗ್ ಅಂಗಡಿ ಹೊನ್ನಾವರ:
ಆಗುವ ತನಕ ಯಾರಿಗೂ ಏನೂ ಆಗಿರುವುದಿಲ್ಲ.

ಸೋಲಾರ್ ಯಲ್ಲಾಪುರ:
ಒಂದು ಸಣ್ಣ ವಿಷಯ. ಮಷಿನ್ ಯಾವುದೇ ಇರಲಿ, ಗಾರೆ ಮೇಸ್ತ್ರಿ "ಐದು ನಿಮಿಷ ಕೊಡು" ಎಂದು ಕೇಳಿದರೆ ಕೊಡಬೇಡ. ನನ್ನ ಒಂದು ಗ್ರೈಂಡರ್ ಹಾಗೆ ಹೋಗಿ ಹದಿನೆಂಟು ದಿನಕ್ಕೆ ಬಂತು. ಒಳಗೆಲ್ಲ ಸಿಮೆಂಟು.

ಕುಮಟಾ ಹೊಸಬ:
ಮಳೆ ಮತ್ತು ಉಪ್ಪು ಗಾಳಿ ಬಗ್ಗೆ ಯಾರಾದರೂ ಹೇಳಿ. ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಸೈಕಲ್ ಚೈನೇ ಎರಡು ವರ್ಷಕ್ಕೆ ಹೋಗುತ್ತದೆ.

ಬೈತಕೋಲದ ಅಣ್ಣ:
ಇದನ್ನು ಬೆಂಗಳೂರಿನ ಯಾವ ವಿಡಿಯೋದಲ್ಲೂ ಹೇಳುವುದಿಲ್ಲ, ಕೇಳಿದ್ದು ಒಳ್ಳೆಯದಾಯಿತು.

ನಮ್ಮಲ್ಲಿ ಮಷಿನ್ ಸಾಯುವುದು ಕೆಲಸ ಮಾಡಿ ಅಲ್ಲ, ಸುಮ್ಮನೆ ಕೂತು. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಲಸ ಕಮ್ಮಿ, ಡಬ್ಬ ಮುಚ್ಚಿ ಮೂಲೆಯಲ್ಲಿ ಇಡುತ್ತೇವೆ. ಆ ಪ್ಲಾಸ್ಟಿಕ್ ಡಬ್ಬ ಮುಚ್ಚಿಟ್ಟರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಚೌತಿಗೆ ತೆಗೆದಾಗ ಚಕ್ ಹಿಡಿದುಕೊಂಡಿರುತ್ತದೆ, ಬಿಟ್ಟುಗಳಿಗೆ ತುಕ್ಕು, ಬ್ಯಾಟರಿ ಕೂರುವ ತಾಮ್ರದ ಪಟ್ಟಿಗೆ ಹಸಿರು ಕಿಲುಬು. ಒಮ್ಮೆ ಹೀಗೆ ಒಂದು ಡ್ರೈವರ್ ಕಳಕೊಂಡೆ. ಸರ್ವಿಸಿನವರು ನೀರು ಹೋಗಿದೆ ಎಂದರು. ನೀರು ಹೋಗಿರಲಿಲ್ಲ, ಗಾಳಿ ಹೋಗಿತ್ತು. ಅವರಿಗೆ ಕಾರವಾರದ ಗಾಳಿ ಹೇಗೆ ಗೊತ್ತಿರಬೇಕು?

ಈಗ ಮಾಡುವುದು ಇಷ್ಟು. ಸಂಜೆ ಬಂದು ಒಣ ಬಟ್ಟೆಯಲ್ಲಿ ಒರೆಸುತ್ತೇನೆ, ಬ್ರಷ್‌ನಲ್ಲಿ ಗಾಳಿ ಕಿಂಡಿಯ ಧೂಳು ತೆಗೆಯುತ್ತೇನೆ. ಬಿಟ್ಟಿಗೆ, ಉಳಿಗೆ ತೆಳ್ಳಗೆ ಎಣ್ಣೆ. ಡಬ್ಬದ ಮುಚ್ಚಳ ತೆರೆದೇ ಇಡುತ್ತೇನೆ, ಅಡುಗೆ ಮನೆಯ ಒಲೆಯ ಗೋಡೆ ಪಕ್ಕದ ಕಪಾಟಿನಲ್ಲಿ. ಮನೆಯವರು ಬೈಯುತ್ತಾರೆ. ಬೈಯಲಿ, ಅದಕ್ಕಿಂತ ಒಣ ಜಾಗ ಈ ಊರಿನಲ್ಲಿ ಇಲ್ಲ. ವಾರಕ್ಕೆ ಒಮ್ಮೆ ಎಲ್ಲ ಮಷಿನನ್ನೂ ಎರಡು ನಿಮಿಷ ಖಾಲಿ ಓಡಿಸುತ್ತೇನೆ. ಮಳೆಗಾಲದ ಮಂತ್ರ ಅಂದರೆ ನನಗೆ ಅದೇ.

ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಇಡು. ಪೂರ್ತಿ ಖಾಲಿ ಮಾಡಿ ನಾಲ್ಕು ತಿಂಗಳು ಬಿಟ್ಟರೆ ಎದ್ದು ಬರುವುದಿಲ್ಲ. ಬೇಸಿಗೆಯಲ್ಲಿ ಬೈಕಿನ ಬಾಕ್ಸಿನಲ್ಲಿ ಬಿಸಿಲಿಗೆ ಬಿಡಬೇಡ, ಬಿಸಿ ಆದದ್ದನ್ನು ಆಗಲೇ ಚಾರ್ಜಿಗೂ ಹಾಕಬೇಡ.

ವೈಂಡಿಂಗ್ ಅಂಗಡಿ ಹೊನ್ನಾವರ:
ಮಷಿನ್ ನಿಜವಾಗಿಯೂ ಮಳೆಗೆ ನೆನೆದರೆ "ಓಡುತ್ತದಾ ನೋಡೋಣ" ಎಂದು ಸ್ವಿಚ್ ಒತ್ತಬೇಡಿ. ಎಲ್ಲರೂ ಮಾಡುವ ತಪ್ಪು ಅದೇ. ಬಿಚ್ಚಿ, ಎರಡು ದಿನ ನೆರಳಿನಲ್ಲಿ ಗಾಳಿಗಿಡಿ. ಆಮೇಲೆ 500 ವೋಲ್ಟಿನ ಮೆಗ್ಗರ್‌ನಲ್ಲಿ, ಅಂದರೆ ಇನ್ಸುಲೇಷನ್ ಅಳೆಯುವ ಮೀಟರಿನಲ್ಲಿ, ಮಷಿನಿನ ಸ್ವಿಚ್ ಒತ್ತಿ ಹಿಡಿದು ಪ್ಲಗ್ಗಿನ ಪಿನ್ನಿನಿಂದ ಮುಂದಿನ ಲೋಹದ ಭಾಗಕ್ಕೆ ನೋಡಬೇಕು. 2 ಮೆಗಾಓಮ್‌ಗಿಂತ ಕೆಳಗೆ ಬಂದರೆ ನಾನು ಕರೆಂಟ್ ಕೊಡುವುದಿಲ್ಲ, ಮತ್ತೆ ಒಣಗಿಸುತ್ತೇನೆ.

ಕುಮಟಾ ಹೊಸಬ:
ತಗೊಂಡೆ. ಮೂರು ಮೋಡಿನ ಹ್ಯಾಮರ್, 4 ಇಂಚಿನ ಗ್ರೈಂಡರ್, 12 ವೋಲ್ಟಿನ ಬ್ಯಾಟರಿ ಡ್ರೈವರ್ ಎರಡು ಬ್ಯಾಟರಿ ಜೊತೆ. ಬಿಟ್ 6, 8, 10, 12 ಎಂಎಂ, ಚಪ್ಪಟೆ ಉಳಿ ಒಂದು, ಚೂಪು ಉಳಿ ಒಂದು. ಸಪ್ಲೈ ಬೋರ್ಡ್ ನಾನೇ ಮಾಡಿದೆ. ಮಾಸ್ಕ್, ಕನ್ನಡಕ, ಪ್ಲಾಸ್ಟಿಕ್ ಶೀಟ್. ಪೊರಕೆ ಅಮ್ಮ ಕೊಟ್ಟಳು. ಸ್ವಲ್ಪ ದುಡ್ಡು ಉಳಿಯಿತು, ಮೆಗ್ಗರಿಗೆ ಎಂದು ಎತ್ತಿಟ್ಟಿದ್ದೇನೆ. ಬಿಲ್ ಎಲ್ಲ ತಗೊಂಡಿದ್ದೇನೆ.

ಮೆತ್ತಿನ ಮನೆ:
ಶಹಬ್ಬಾಸ್. ಶೀಟ್ ತಗೊಂಡದ್ದಕ್ಕೆ ಮಾರ್ಕ್ಸ್ ಜಾಸ್ತಿ.

ಕುಮಟಾ ಹೊಸಬ, ಮೂರು ವಾರದ ನಂತರ:
ಹೊನ್ನಾವರದ ಮನೆ ಅರ್ಧ ಆಯಿತು. ನೀವು ಹೇಳಿದ ಹಾಗೇ ಚಿರೆಕಲ್ಲು ಬೆಲ್ಲದ ಹಾಗೆ ಎದ್ದಿತು. ಸ್ಲ್ಯಾಬಿನಲ್ಲಿ ಮರೆತ ಪಾಯಿಂಟ್ ಒಂದಲ್ಲ, ಮೂರು ಸಿಕ್ಕಿತು ಅಣ್ಣಾ.

ಒಂದು ವಿಷಯ ಹೇಳಬೇಕು. ಮೊನ್ನೆ ಮಧ್ಯಾಹ್ನ ಜೋರು ಮಳೆ. ನಾನು ಒಳಗೆ ಗ್ರೈಂಡರ್ ಹಾಕಿದ ಕೂಡಲೇ ಬೋರ್ಡ್ ಟ್ರಿಪ್. ಮತ್ತೆ ಎತ್ತಿದೆ, ಮತ್ತೆ ಟ್ರಿಪ್. ನಾಲ್ಕು ಸಲ. ಭಟ್ಕಳದವರು ಹೇಳಿದ್ದೇ ನಿಜ, ಸುಮ್ನೆ ಕೆಲಸ ಕೆಡಿಸುತ್ತದೆ ಅನ್ನಿಸಿತು. ಸಿಟ್ಟು ಬಂದು ಆರ್‌ಸಿಸಿಬಿ ಬಿಟ್ಟು ನೇರ ಮನೆಯ ಪ್ಲಗ್ಗಿಗೆ ಹಾಕಲು ಹೊರಟಿದ್ದೆ. ವೈರ್ ಎತ್ತುವಾಗ ಕೈಗೆ ಟೇಪ್ ಸಿಕ್ಕಿತು. ಕಪ್ಪು ಟೇಪ್, ನೀಟಾಗಿ ಸುತ್ತಿತ್ತು. ನಾನು ಸುತ್ತಿದ್ದಲ್ಲ. ಬಿಚ್ಚಿ ನೋಡಿದರೆ ಗ್ರೈಂಡರಿನ ವೈರ್ ಅರ್ಧ ಕಡಿದಿದೆ, ಫೇಸಿನ ತಾಮ್ರ ಕಾಣುತ್ತಿದೆ. ಆ ಜಾಗ ಬಾಗಿಲ ಹತ್ತಿರದ ಕೆಂಪು ನೀರಿನಲ್ಲಿ ಬಿದ್ದಿತ್ತು. ನಾನು ಅದೇ ನೀರಿನಲ್ಲಿ ನಿಂತಿದ್ದೆ.

ಹಿಂದಿನ ದಿನ ಊಟಕ್ಕೆ ಹೋದಾಗ ಗಾರೆಯವರು ಗ್ರೈಂಡರ್ ತಗೊಂಡಿದ್ದರಂತೆ. ಐದು ನಿಮಿಷಕ್ಕೆ.

ಸೋಲಾರ್ ಯಲ್ಲಾಪುರ:
ಹೇಳಿದ್ದೆ.

ಭಟ್ಕಳ ಸೈಟ್:
ತಮ್ಮಾ, ನಿನಗೇನೂ ಆಗಲಿಲ್ಲ ಅಲ್ವಾ? ಆ ಬೋರ್ಡಿಗೆ ಯಾವ ಸೈಜಿನ ಡಬ್ಬ ಹಾಕಿದೆ, ಒಂದು ಫೋಟೋ ಹಾಕು. ನಮ್ಮ ಹುಡುಗರಿಗೆ ನಾಲ್ಕು ಮಾಡಿಸಬೇಕು.

ಕುಮಟಾ ಹೊಸಬ:
ಏನೂ ಆಗಿಲ್ಲ ಅಣ್ಣಾ. ಫೋಟೋ ಸಂಜೆ ಹಾಕುತ್ತೇನೆ. ಗ್ರೈಂಡರಿಗೆ ಸದ್ಯಕ್ಕೆ ಕಡಿದ ಜಾಗದಲ್ಲಿ ಸೋಲ್ಡರ್ ಮಾಡಿ ಟೇಪ್ ಹಾಕಿದರೆ ನಡೆಯುತ್ತದಾ? ಸೋಮವಾರ ಕೆಲಸ ಇದೆ.

ವೈಂಡಿಂಗ್ ಅಂಗಡಿ ಹೊನ್ನಾವರ:
ನಡೆಯುವುದಿಲ್ಲ. ವೈರ್ ಪೂರ್ತಿ ಬದಲಾಯಿಸಬೇಕು, ರಬ್ಬರಿನದು ಹಾಕೋಣ, ಅರ್ಧ ಗಂಟೆ ಕೆಲಸ. ಭಾನುವಾರ ಬೆಳಗ್ಗೆ ಹತ್ತರ ತನಕ ಅಂಗಡಿ ತೆಗೆದಿರುತ್ತೇನೆ, ತಗೊಂಡು ಬಾ. ಬರುವಾಗ ಆ ಗಾರೆ ಮೇಸ್ತ್ರಿಯನ್ನೂ ಕರೆದುಕೊಂಡು ಬಾ, ದುಡ್ಡು ಅವನ ಹತ್ತಿರ ಕೇಳುತ್ತೇನೆ.